160 ಗ್ರಾಂ ಕಣಕ, 35 ಗ್ರಾಂ ಚೀಸ್: ಶನಿವಾರದ ಪಿಜ್ಜಾ ದುರಸ್ತಿಯ ದಿನಚರಿ

ಜುಲೈ ಮೊದಲ ವಾರದಲ್ಲಿ ನನ್ನ ತೂಕ 84.2 ಕಿಲೋ, ಎತ್ತರ 168 ಸೆಂ.ಮೀ., ಸೊಂಟದ ಸುತ್ತಳತೆ 102 ಸೆಂ.ಮೀ. ಭಾರತದ ಗಂಡಸರಿಗೆ ಸೊಂಟ 90 ಸೆಂ.ಮೀ. ದಾಟಬಾರದು ಎಂದು ವೈದ್ಯರು ಟೇಪು ಸುತ್ತಿಡುತ್ತಲೇ ಹೇಳಿದರು. ಆಹಾರ ತಜ್ಞೆ ದಿನಕ್ಕೆ 1,600 ಕಿಲೋಕ್ಯಾಲೊರಿಯ (ರೂಢಿಯಲ್ಲಿ ಕ್ಯಾಲೊರಿ ಎನ್ನುವುದು ಇದನ್ನೇ) ಪಟ್ಟಿ ಬರೆದುಕೊಟ್ಟರು. ಬಿಡಬೇಕಾದ ತಿನಿಸುಗಳ ಸಾಲಿನಲ್ಲಿ ಸಿಹಿ, ಕರಿದದ್ದು, ಬೇಕರಿಯ ಪದಾರ್ಥ ಎಲ್ಲಕ್ಕೂ ಒಪ್ಪಿಕೊಂಡೆ. ಕೊನೆಯಲ್ಲಿ ಪಿಜ್ಜಾ ಎಂದಿತ್ತು. ಅದೊಂದನ್ನು ಬಿಡಲಾರೆ, ಬೇರೆ ದಾರಿ ಇದೆಯೇ ಎಂದು ಕೇಳಿದೆ. "ತೂಕ ಮಾಡಿ ತಿನ್ನುವುದಾದರೆ ತಿನ್ನಿ, ಅಂದಾಜಿನಲ್ಲಿ ಬೇಡ" ಎಂದರು. ಈ ದಿನಚರಿ ಅಲ್ಲಿಂದ ಶುರು.

ಶನಿವಾರ ರಾತ್ರಿ ಮಗಳೊಂದಿಗೆ ಪಿಜ್ಜಾ ತಿನ್ನುವುದು ಅವಳು ಆರನೇ ತರಗತಿಯಲ್ಲಿದ್ದಾಗಿನಿಂದ ನಡೆದುಬಂದ ಪದ್ಧತಿ. ಈಗ ಅವಳು ದ್ವಿತೀಯ ಪಿಯುಸಿ. ವಾರವೆಲ್ಲ ಕಾಲೇಜು, ಟ್ಯೂಷನ್. ಆ ಒಂದು ಗಂಟೆಯಲ್ಲಿ ಮಾತ್ರ ಕೇಳದೆಯೇ ಮಾತನಾಡುತ್ತಾಳೆ. ಮುಂದಿನ ವರ್ಷ ಅವಳು ಯಾವ ಊರಿನ ಹಾಸ್ಟೆಲಿನಲ್ಲಿರುತ್ತಾಳೋ ಗೊತ್ತಿಲ್ಲ. ಆ ಗಂಟೆಯನ್ನು ನಾನು ಕಳೆದುಕೊಳ್ಳಲು ಸಿದ್ಧನಿರಲಿಲ್ಲ.

ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಆದ್ದರಿಂದ ಮೊದಲು ಹಾಳೆ ತೆಗೆದುಕೊಂಡು ಲೆಕ್ಕಕ್ಕೆ ಕುಳಿತೆ. ಪಟ್ಟಿಯಂತೆ ತಿಂದರೆ ದಿನಕ್ಕೆ ಸುಮಾರು 500 ಕ್ಯಾಲೊರಿ ಉಳಿತಾಯ, ವಾರಕ್ಕೆ 3,500. ಶನಿವಾರ ರಾತ್ರಿಯ ಊಟಕ್ಕೆ ಮೀಸಲಿಡಬಹುದಾದದ್ದು ಸುಮಾರು 650. ಹೊರಗೆ ಹೋದರೆ ಅರ್ಧ ದೊಡ್ಡ ಪಿಜ್ಜಾ, ಬೆಣ್ಣೆ ಸವರಿದ ಬೆಳ್ಳುಳ್ಳಿ ಬ್ರೆಡ್ಡು, ತಂಪು ಪಾನೀಯ ಸೇರಿ 1,600ಕ್ಕೆ ಕಡಿಮೆಯಾಗುತ್ತಿರಲಿಲ್ಲ ಎಂದು ನನ್ನ ಅಂದಾಜು. ಅಂದರೆ ಹೆಚ್ಚುವರಿ 950. ಎರಡು ದಿನ ನಾಲಿಗೆ ಕಟ್ಟಿ ಉಳಿಸಿದ್ದು ಒಂದು ರಾತ್ರಿಗೆ ಹೋಗುತ್ತದೆ. ಆರು ದಿನ ಪಥ್ಯ ಮಾಡಿ ಏಳನೇ ದಿನ ಬೇಕಾದ್ದು ತಿನ್ನಿ ಎಂಬ ಸಲಹೆಯನ್ನು ನಾನು ನಂಬದಿರುವುದು ಈ ಕೂಡುವ ಕಳೆಯುವ ಲೆಕ್ಕದಿಂದಲೇ.

ಮೊದಲ ಶನಿವಾರ

ಮನೆಯಲ್ಲೇ ಮಾಡಿದರೆ ತಾನಾಗಿ ಕಡಿಮೆಯಾಗುತ್ತದೆ ಎಂದು ನಂಬಿದ್ದೆ. ಹೇಗೆ ಮಾಡುತ್ತಿದ್ದೆನೋ ಹಾಗೆಯೇ ಮಾಡಿ, ಪ್ರತಿಯೊಂದನ್ನೂ ತಕ್ಕಡಿಯ ಮೇಲಿಟ್ಟೆ. ಮೈದಾ 150 ಗ್ರಾಂ, 525 ಕ್ಯಾಲೊರಿ. ಎಣ್ಣೆ ಒಂದು ದೊಡ್ಡ ಚಮಚ, 14 ಗ್ರಾಂ, 126. ಬಾಟಲಿಯ ಟೊಮೆಟೊ ಕೆಚಪ್ 50 ಗ್ರಾಂ, 55. ಈರುಳ್ಳಿ, ದಪ್ಪ ಮೆಣಸಿನಕಾಯಿ, ಸಿಹಿ ಜೋಳ ಸೇರಿ 50. ಚೀಸ್ ತುರಿದು, ಸಾಕು ಎನಿಸುವವರೆಗೆ ಉದುರಿಸಿ ಆಮೇಲೆ ತೂಗಿದರೆ 118 ಗ್ರಾಂ, ಅದೇ 340. ಒಟ್ಟು 1,100ರ ಹತ್ತಿರ. ಇದು ನಾನೊಬ್ಬ ತಿನ್ನುವ ಪಿಜ್ಜಾದ ಲೆಕ್ಕ.

ರುಚಿಯೂ ಹೇಳಿಕೊಳ್ಳುವಂತಿರಲಿಲ್ಲ. ಓವನ್ನಿನಲ್ಲಿ 18 ನಿಮಿಷ ಇಟ್ಟರೂ ತಳ ಬೆಳ್ಳಗೆ, ಬನ್ನಿನಂತೆ ಮೆತ್ತಗೆ. ಮೇಲೆ ಚೀಸಿನ ಎಣ್ಣೆ ಒಡೆದು ನಿಂತಿತ್ತು. ತಿನ್ನುವಾಗ ಗಮನಿಸಿದೆ: ಅಂಚಿನ ಚೀಸಿಲ್ಲದ ಭಾಗವನ್ನು ಇಬ್ಬರೂ ತಟ್ಟೆಯಲ್ಲೇ ಬಿಟ್ಟಿದ್ದೆವು. ತಳಕ್ಕೆ ತನ್ನದೇ ರುಚಿ ಇಲ್ಲದ ಕಾರಣ ಇಷ್ಟು ವರ್ಷ ಚೀಸನ್ನು ಸುರಿಯುತ್ತಾ ಬಂದಿದ್ದೇವೆ. ಚೀಸ್ ಕಡಿಮೆ ಮಾಡಬೇಕಾದರೆ ಮೊದಲು ತಳ ರುಚಿಯಾಗಬೇಕು, ತಳ ರುಚಿಯಾಗಬೇಕಾದರೆ ಶಾಖ ಬೇಕು. ಮುಂದಿನ ಹದಿನೈದು ವಾರ ಮಾಡಿದ್ದೆಲ್ಲ ಈ ಒಂದು ಸಾಲಿನ ಹಿಂದೆ ಹೋದದ್ದು.

ಪಿಜ್ಜಾದ ತವರಾದ ಇಟಲಿಯ ನೇಪಲ್ಸ್‌ನವರು ಹೇಗೆ ಮಾಡುತ್ತಾರೆ ಎಂದು ಹುಡುಕಿದಾಗ ಇದಕ್ಕೆ ಬಲ ಬಂತು. 2010ರಲ್ಲಿ ಐರೋಪ್ಯ ಒಕ್ಕೂಟ ನೇಪಲ್ಸ್ ಪಿಜ್ಜಾದ ವಿಧಾನವನ್ನು ಅಧಿಕೃತವಾಗಿ ನೋಂದಾಯಿಸಿತು. ಕಣಕದ ಉಂಡೆ 180ರಿಂದ 250 ಗ್ರಾಂ, ಅಗಲ 35 ಸೆಂ.ಮೀ. ಮೀರಬಾರದು, ಎಣ್ಣೆ 4ರಿಂದ 5 ಗ್ರಾಂ, ಮೊಝರೆಲ್ಲಾ ಚೀಸ್ 80ರಿಂದ 100 ಗ್ರಾಂ. ನೀರಿನಂಶ ಹೆಚ್ಚಿರುವ ಹಸಿ ಮೊಝರೆಲ್ಲಾ ಅದು. ಸೌದೆ ಒಲೆಯ ನೆಲ ಸುಮಾರು 485 ಡಿಗ್ರಿ ಸೆಲ್ಸಿಯಸ್, ಬೇಯುವ ಹೊತ್ತು 60ರಿಂದ 90 ಸೆಕೆಂಡು. ಚಮಚಗಟ್ಟಲೆ ಎಣ್ಣೆ, ರಾಶಿ ಚೀಸು ಮೂಲದಲ್ಲಿಯೇ ಇಲ್ಲ. ಅಷ್ಟು ಶಾಖ ನಮ್ಮ ಅಡುಗೆಮನೆಯಲ್ಲಿ ಸಿಗುವುದಿಲ್ಲ. ಸಿಗುವುದು ಎಷ್ಟು ಎಂದು ಅಳೆಯಲು ಹೊರಟೆ.

ಓವನ್ನಿನ ತಗಡು ಬಿಚ್ಚಿದ್ದು

ನಮ್ಮದು 28 ಲೀಟರಿನ ಓಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ ವಿದ್ಯುತ್ ಓವನ್), ಒಂಬತ್ತು ವರ್ಷ ಹಳೆಯದು. ಬಿಸಿ ಹೊಂದಿಸುವ ಗುಂಡಿಯಲ್ಲಿ 250 ಡಿಗ್ರಿ ಎಂದಿದೆ. ಒಳಗೆ ಇಡುವ ಸಣ್ಣ ಥರ್ಮಾಮೀಟರು ತಂದು ಇಟ್ಟೆ. 15 ನಿಮಿಷ ಕಾಯಿಸಿದ ಮೇಲೂ ಮುಳ್ಳು 190 ದಾಟಲಿಲ್ಲ. ದೀಪ ಆರಿಸಿ ಕತ್ತಲಲ್ಲಿ ನೋಡಿದಾಗ ಕಾರಣ ಕಂಡಿತು. ಮೇಲಿನ ಎರಡು ರಾಡುಗಳು ಕೆಂಡದಂತೆ ಕೆಂಪಾಗಿದ್ದವು, ಕೆಳಗಿನ ಎರಡರಲ್ಲಿ ಹಿಂಬದಿಯದು ಕಪ್ಪಗೇ ಇತ್ತು. ಎಷ್ಟು ಕಾಲದಿಂದ ಹಾಗಿತ್ತೋ! ತಳ ಬೆಳ್ಳಗೆ ಉಳಿಯುತ್ತಿದ್ದುದಕ್ಕೆ ನಾನು ಹಿಟ್ಟನ್ನು ದೂರುತ್ತಿದ್ದೆ.

ಪ್ಲಗ್ ಕಿತ್ತು, ಒಂದು ಗಂಟೆ ತಣಿಯಲು ಬಿಟ್ಟು, ಪಕ್ಕದ ತಗಡಿನ ಆರು ತಿರುಪು ಬಿಚ್ಚಿದೆ. ಸತ್ತ ರಾಡಿನ ತುದಿಗೆ ವೈರನ್ನು ಸಿಕ್ಕಿಸುವ ಲಗ್ ಸುಟ್ಟು ಕಂದಿತ್ತು. ಮುಟ್ಟಿದರೆ ವೈರಿನ ಹೊದಿಕೆ ಹಪ್ಪಳದ ಚೂರಿನಂತೆ ಉದುರಿತು. ಲಗ್ ಎಳೆದು ತೆಗೆದು, ವಿದ್ಯುತ್ ಪರೀಕ್ಷಿಸುವ ಅಪ್ಪನ ಹಳೆಯ ಮಲ್ಟಿಮೀಟರನ್ನು ರಾಡಿನ ಎರಡೂ ತುದಿಗೆ ಹಿಡಿದಾಗ 140 ಓಮ್ ರೋಧ ತೋರಿಸಿತು. ಉರಿಯುತ್ತಿದ್ದ ರಾಡಿನಲ್ಲೂ ಅಷ್ಟೇ. ಸರಿ, ರಾಡು ಬದುಕಿದೆ, ಕೆಟ್ಟಿರುವುದು ಜೋಡಣೆ ಮಾತ್ರ. 230 ವೋಲ್ಟನ್ನು ಅದರಿಂದಲೇ ಗುಣಿಸಿ 140ರಿಂದ ಭಾಗಿಸಿದರೆ ಒಂದು ರಾಡಿಗೆ ಸುಮಾರು 378 ವ್ಯಾಟ್, ನಾಲ್ಕಕ್ಕೆ 1,500. ಓವನ್ನಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿರುವುದೂ ಅದೇ 1,500. ಲೆಕ್ಕ ಪೈಸೆಗೆ ಪೈಸೆ ತಾಳೆಯಾದಾಗ ಆಗುವ ಸಂತೋಷ ನನಗಾಯಿತು.

ಇಲ್ಲಿ ಬೆಸುಗೆ ಹಾಕಲು ಹೋಗಬಾರದು. ಆ ಜಾಗದ ಬಿಸಿಗೆ ಬೆಸುಗೆಯ ಸೀಸವೇ ಕರಗಿ ವೈರು ಕಳಚಿ ಬೀಳುತ್ತದೆ. ಗಾಜಿನ ನಾರಿನ ಹೊದಿಕೆಯ ವೈರು, ಬಿಸಿ ತಡೆಯುವ ಲಗ್ ತಂದು, ಒತ್ತುವ ಇಕ್ಕಳದಿಂದ ಬಿಗಿಯಾಗಿ ಕಚ್ಚಿಸಬೇಕು. ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಇಕ್ಕಳ ತಂದು ತಾವೇ ನಿಂತು ಮಾಡಿಸಿದರು. ಮುಚ್ಚುವ ಮೊದಲು ಪ್ಲಗ್ಗಿನ ಅರ್ತ್ ಕಡ್ಡಿಗೂ ಓವನ್ನಿನ ಮೈಗೂ ಸಂಪರ್ಕ ಇದೆಯೇ, ರಾಡಿನಿಂದ ಮೈಗೆ ವಿದ್ಯುತ್ ಸೋರುತ್ತಿಲ್ಲವೇ ಎಂದು ಎರಡು ಸಲ ನೋಡಿದೆವು. ಈ ಪರೀಕ್ಷೆ ಗೊತ್ತಿಲ್ಲದವರು ತಗಡು ಬಿಚ್ಚಲೇಬಾರದು. ಬಲ್ಲವರನ್ನು ಕರೆಯಬೇಕು.

ವೈರು, ಲಗ್ ಸೇರಿ ನೂರು ರೂಪಾಯಿಯೂ ಆಗಲಿಲ್ಲ. ಮತ್ತೆ ಥರ್ಮಾಮೀಟರು ಇಟ್ಟಾಗ 15 ನಿಮಿಷಕ್ಕೆ 232 ಡಿಗ್ರಿ. ಆ ಶನಿವಾರ ಅದೇ ಕಣಕ, ಅದೇ ತಟ್ಟೆ. ಬೇಯಲು 11 ನಿಮಿಷ ಸಾಕಾಯಿತು, ತಳದಲ್ಲಿ ಅಲ್ಲಲ್ಲಿ ಹೊಂಬಣ್ಣ.

ಕಡಪ ಕಲ್ಲು, ಆಮೇಲೆ ಕಾವಲಿ

ಹೊಂಬಣ್ಣ ಸಾಲದು, ಕಂದು ಚುಕ್ಕೆ ಬೇಕಿತ್ತು. ಅದಕ್ಕೆ ಹಿಟ್ಟು ಬೀಳುವ ಜಾಗ ಮೊದಲೇ ಕಾದು ಶಾಖ ಹಿಡಿದಿಟ್ಟುಕೊಂಡಿರಬೇಕು. ತೆಳು ಅಲ್ಯೂಮಿನಿಯಂ ತಟ್ಟೆ ಹಸಿ ಕಣಕ ಬಿದ್ದೊಡನೆ ತಣ್ಣಗಾಗುತ್ತದೆ. ಅಡುಗೆಕಟ್ಟೆ ಮಾಡಿಸಿದಾಗ ಉಳಿದಿದ್ದ ಕಡಪ ಕಲ್ಲಿನ ತುಂಡನ್ನು ತೊಳೆದು ಓವನ್ನಿನಲ್ಲಿಟ್ಟೆ. ನಾಲ್ಕನೇ ಶನಿವಾರ, ಇಪ್ಪತ್ತು ನಿಮಿಷವಾಗಿತ್ತೇನೋ, ಪಟಾಕಿ ಸಿಡಿದಂತೆ ಸದ್ದಾಗಿ ಕಲ್ಲು ಎರಡು ಹೋಳಾಯಿತು. ಪದರ ಪದರವಾಗಿರುವ ಕಲ್ಲು, ತೊಳೆದ ನೀರು ಒಳಗೆ ಉಳಿದಿತ್ತು. ಆವಿ ಹೊರಬರಲು ದಾರಿ ಇಲ್ಲದೆ ಒಡೆದಿದೆ. ಬಾಗಿಲು ಮುಚ್ಚಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ನೆಲಹಾಸಿನ ಕಲ್ಲು, ಗ್ರಾನೈಟ್ ಚೂರು ಇವನ್ನು ಓವನ್ನಿನಲ್ಲಿ ಇಡಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಉತ್ತರ ಒಲೆಯ ಪಕ್ಕದಲ್ಲೇ ಇತ್ತು. ಅಮ್ಮನ ದೋಸೆ ಕಾವಲಿ, 27 ಸೆಂ.ಮೀ. ಅಗಲ, 2.6 ಕಿಲೋ ತೂಕ, ನನ್ನಷ್ಟೇ ವಯಸ್ಸು. ಕಬ್ಬಿಣ ಶಾಖವನ್ನು ಕಲ್ಲಿಗಿಂತ ಬೇಗ ಹಿಟ್ಟಿಗೆ ದಾಟಿಸುತ್ತದೆ. ಕೇಳಿದಾಗ ಅಮ್ಮ ತಕ್ಷಣ ಒಪ್ಪಲಿಲ್ಲ. "ಪಳಗಿದ ಕಾವಲಿ. ಅದರ ಮೇಲೆ ಟೊಮೆಟೊ ಹುಳಿ ಬಿದ್ದರೆ ನಾಳೆಯಿಂದ ದೋಸೆ ಏಳುವುದಿಲ್ಲ. ಆಗ ನೀನು ಬಂದು ಎಬ್ಬಿಸಿಕೊಡುತ್ತೀಯಾ?" ಎಂದರು. ಅವರ ಮಾತು ಪೂರ್ತಿ ಸರಿ. ಎರಡು ವಾರ ಹುಳಿ ತಾಗದಂತೆ ಎಚ್ಚರದಿಂದ ಅದರಲ್ಲೇ ಮಾಡಿ, ಪ್ರಯೋಗ ಫಲಿಸಿತೆಂದು ಖಾತ್ರಿಯಾದ ಮೇಲೆ ಸಂತೆಪೇಟೆಯಿಂದ ಬೇರೆ ಕಾವಲಿ ತಂದೆ. ಅಮ್ಮನೇ ಅದನ್ನು ಮೂರು ದಿನ ಅಕ್ಕಿ ತೊಳೆದ ನೀರಿನಲ್ಲಿ ನೆನೆಸಿ, ಅರ್ಧ ಈರುಳ್ಳಿಯಿಂದ ಎಣ್ಣೆ ಉಜ್ಜಿ ಉಜ್ಜಿ ಪಳಗಿಸಿಕೊಟ್ಟರು.

ಕೊನೆಗೆ ನಿಂತ ಕ್ರಮ ಇದು. ತಳದ ಕೆಲಸ ಗ್ಯಾಸ್ ಒಲೆಗೆ, ಮೇಲಿನ ಕೆಲಸ ಓವನ್ನಿಗೆ. ಓವನ್ನಿನಲ್ಲಿ ಮೇಲಿನ ರಾಡುಗಳನ್ನು ಮಾತ್ರ ಹಚ್ಚಿ ಹತ್ತು ನಿಮಿಷ ಕಾಯಿಸುತ್ತೇನೆ. ಅದೇ ಹೊತ್ತಿಗೆ ದೊಡ್ಡ ಬರ್ನರಿನ ಮೇಲೆ ಕಾವಲಿಯನ್ನು ಆರು ನಿಮಿಷ. ಎ.ಸಿ. ರಿಪೇರಿ ಮಾಡುವ ಗೆಳೆಯರೊಬ್ಬರಿಂದ ದೂರದಿಂದಲೇ ಬಿಸಿ ಅಳೆಯುವ ಇನ್ಫ್ರಾರೆಡ್ ಥರ್ಮಾಮೀಟರು ಎರವಲು ತಂದು ನೋಡಿದ್ದೆ, 270ರಿಂದ 280 ಡಿಗ್ರಿ. (ಆ ಉಪಕರಣ ಕಪ್ಪು ಕಾವಲಿಯ ಮೇಲೆ ಸರಿಯಾಗಿ ಓದುತ್ತದೆ, ಹೊಳೆಯುವ ಸ್ಟೀಲಿನ ಮೇಲೆ ನಂಬುವಂತಿಲ್ಲ.) ಈಗ ಅದು ಬೇಕಿಲ್ಲ. ಚಿಮುಕಿಸಿದ ನೀರು ಮುತ್ತಿನಂತೆ ಉರುಳಾಡತೊಡಗಿ, ಕಾವಲಿಯಿಂದ ಹೊಗೆಯ ಎಳೆ ಏಳುವ ಹೊತ್ತು ಸರಿಯಾದ ಹೊತ್ತು. ನಾನ್‌ಸ್ಟಿಕ್ ತವಾವನ್ನು ಇಷ್ಟು ಕಾಯಿಸಬಾರದು, ಅದರ ಲೇಪ ಕೆಟ್ಟು ಹೊಗೆ ಬರುತ್ತದೆ.

ತಟ್ಟಿದ ಕಣಕವನ್ನು ಕಾವಲಿಗೆ ಜಾರಿಸಿ, ಒಂದೂವರೆ ನಿಮಿಷದಲ್ಲಿ ಸಾಸು, ಚೀಸು, ತರಕಾರಿ ಹರಡಿ, ಗ್ಯಾಸ್ ಆರಿಸಿ ಕಾವಲಿ ಸಮೇತ ಓವನ್ನಿನ ಮೇಲಿನ ಅಂತಸ್ತಿಗೆ. ನಾಲ್ಕೂವರೆ ನಿಮಿಷ. 2.6 ಕಿಲೋ ಕಾದ ಕಬ್ಬಿಣವನ್ನು ಒಂದೇ ಕೈಯಲ್ಲಿ ಎತ್ತಲು ಹೋಗಿ ಮಣಿಕಟ್ಟಿಗೆ ಒಂದು ಬರೆ ಬಿತ್ತು. ಅಂದಿನಿಂದ ಎರಡೂ ಕೈಗೆ ದಪ್ಪ ಬಟ್ಟೆ, ದಾರಿಯಲ್ಲಿ ಯಾರೂ ನಿಲ್ಲುವಂತಿಲ್ಲ.

ಕಣಕ

ಇದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ವಾರ ಕೊಟ್ಟೆ. ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕಾಯಿತು. ಮೈದಾ ಬದಲು ಗೋಧಿ ಹಿಟ್ಟು ಹಾಕಿದರೆ ಕ್ಯಾಲೊರಿ ಕಡಿಮೆಯಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. 100 ಗ್ರಾಂ ಮೈದಾದಲ್ಲಿ ಸುಮಾರು 350, ಗೋಧಿ ಹಿಟ್ಟಿನಲ್ಲಿ 340, ರಾಗಿ ಹಿಟ್ಟಿನಲ್ಲಿ 320. ವ್ಯತ್ಯಾಸ ಇಷ್ಟೇ. ಸಿರಿಧಾನ್ಯದ ಪಿಜ್ಜಾ ಎಂದು ಎರಡು ಪಟ್ಟು ಹಣ ಕೊಟ್ಟು, ಎರಡು ಪಟ್ಟು ತಿಂದು ಬರುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಗೋಧಿ ಹಿಟ್ಟಿನ ಲಾಭ ನಾರಿನಲ್ಲಿದೆ: ಮೈದಾದಲ್ಲಿ 100 ಗ್ರಾಂಗೆ 3 ಗ್ರಾಂ ಕೂಡ ಇಲ್ಲ, ಇದರಲ್ಲಿ 11ರ ಹತ್ತಿರ. ಹೊಟ್ಟೆ ಬೇಗ ತುಂಬುತ್ತದೆ, ರಾತ್ರಿ ಹತ್ತಕ್ಕೆ ಮತ್ತೆ ಡಬ್ಬಿ ತಡಕುವಂತಾಗುವುದಿಲ್ಲ.

ಪೂರ್ತಿ ಗೋಧಿ ಹಿಟ್ಟಿನಲ್ಲಿ ಮಾಡಿದ್ದು ಗಟ್ಟಿ ರೊಟ್ಟಿಯಾಯಿತು. ಹೊಟ್ಟಿನ ಚೂರುಗಳು ಕಣಕದ ಎಳೆಗಳನ್ನು ಕತ್ತರಿಸುತ್ತವೆ, ಗಾಳಿ ನಿಲ್ಲುವುದಿಲ್ಲ. ಐದರಲ್ಲಿ ಒಂದು ಪಾಲು ರಾಗಿ ಬೆರೆಸಿದಾಗ ಅಂಚು ಪುಡಿಪುಡಿಯಾಯಿತು. ಹೂಕೋಸು ತುರಿದು ತಳ ಮಾಡುವ ವಿಧಾನವನ್ನೂ ನೋಡಿದೆ. ತಿನ್ನಲು ಚೆನ್ನಾಗಿದೆ, ಆದರೆ ಮಗಳ ಮುಂದೆ ಪಿಜ್ಜಾ ಎಂದು ಇಡುವ ಮನಸ್ಸಾಗಲಿಲ್ಲ. ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟಿಗೆ ಬಂದು ನಿಂತೆ.

ಒಬ್ಬರ ಅಳತೆ: ಮೈದಾ 45 ಗ್ರಾಂ, ಗೋಧಿ ಹಿಟ್ಟು 45, ನೀರು 65, ಎಣ್ಣೆ 3, ಉಪ್ಪು 1.6, ಇನ್‌ಸ್ಟಂಟ್ ಯೀಸ್ಟ್ 0.3. ಕೂಡಿದರೆ 160 ಗ್ರಾಂ ಉಂಡೆ. ಯೀಸ್ಟಿನ ಅಷ್ಟು ಸಣ್ಣ ತೂಕ ಅಡುಗೆಮನೆಯ ತಕ್ಕಡಿಗೆ ತಿಳಿಯುವುದಿಲ್ಲ. ಒಂದು ಟೀ ಚಮಚ ಯೀಸ್ಟ್ ಸುಮಾರು 3 ಗ್ರಾಂ ಎಂದು ಹಿಡಿದು, ಅದರ ಹತ್ತನೇ ಒಂದು ಪಾಲನ್ನು ಎರಡು ಬೆರಳಲ್ಲಿ ಹಿಡಿಯುತ್ತೇನೆ. ಉಪ್ಪನ್ನು ಇದಕ್ಕಿಂತ ಹೆಚ್ಚಿಸುವುದಿಲ್ಲ. ದಿನಕ್ಕೆ 5 ಗ್ರಾಂ ಮೀರಬಾರದು ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿ, ಚೀಸಿನಲ್ಲೂ ಸಾಕಷ್ಟು ಇದೆ.

ಶುಕ್ರವಾರ ಸಂಜೆ ಹಿಟ್ಟು, ನೀರು ಎರಡನ್ನೇ ಕಲಸಿ ನಲವತ್ತು ನಿಮಿಷ ಮುಚ್ಚಿಡುತ್ತೇನೆ. ಗೋಧಿ ಹಿಟ್ಟಿನ ಹೊಟ್ಟು ನೀರು ಕುಡಿದು ಮೆತ್ತಗಾಗಲು ಈ ಹೊತ್ತು ಬೇಕೇ ಬೇಕು. ಆಮೇಲೆ ಉಳಿದದ್ದು ಸೇರಿಸಿ ಐದು ನಿಮಿಷ ನಾದುವುದು, ಒಂದು ಗಂಟೆ ಹೊರಗೆ, ನಂತರ 24 ಗಂಟೆ ಫ್ರಿಜ್ಜಿನಲ್ಲಿ. ಎರಡು ಗಂಟೆಯಲ್ಲಿ ಉಬ್ಬಿಸಿದ ಕಣಕಕ್ಕೂ ಒಂದು ದಿನ ತಣ್ಣಗೆ ಹುದುಗಿದ ಕಣಕಕ್ಕೂ ಇರುವ ಅಂತರ, ಅವಸರದ ದೋಸೆಗೂ ರಾತ್ರಿಯಿಡೀ ಹುದುಗಿದ ಹಿಟ್ಟಿನ ದೋಸೆಗೂ ಇರುವಷ್ಟೇ. ಡಬ್ಬಿಯ ಮುಚ್ಚಳ ತೆಗೆದರೆ ಸಣ್ಣ ಹುಳಿ ಪರಿಮಳ. ಅಮ್ಮ ಮೂಗು ಹತ್ತಿರ ತಂದು "ಆಯಿತು" ಎಂದರೆ ಆಯಿತು.

ಹರಡುವುದು ಬಹಳ ವಾರ ಕೈಗೆ ಹತ್ತಲಿಲ್ಲ. ಮೈದಾ ಕಣಕವನ್ನು ಎಳೆದು ಅಗಲ ಮಾಡಬಹುದು, ಇದು ಎಳೆದರೆ ಹರಿಯುತ್ತದೆ. ಲಟ್ಟಣಿಗೆ ಹಾಕಿದರೆ ಒಂದು ದಿನ ಕಾದು ಕೂಡಿಟ್ಟ ಗಾಳಿಯೆಲ್ಲ ಹೊರಟುಹೋಗುತ್ತದೆ. ಒಂಬತ್ತನೇ ಶನಿವಾರ ನಾನು ಮೂರನೇ ಸಲ ತೂತು ಮುಚ್ಚುತ್ತಿದ್ದುದನ್ನು ನೋಡಿ ಅಮ್ಮ ಪಕ್ಕಕ್ಕೆ ಸರಿಯಲು ಹೇಳಿದರು. ಬಾಳೆ ಎಲೆಯ ತುಂಡಿಗೆ ಸ್ವಲ್ಪ ಎಣ್ಣೆ ಸವರಿ, ಉಂಡೆ ಇಟ್ಟು, ಬೆರಳ ತುದಿಗೆ ನೀರು ಮುಟ್ಟಿಸಿಕೊಂಡು ಹೋಳಿಗೆ ತಟ್ಟುವಂತೆ ನಡುವಿನಿಂದ ಹೊರಕ್ಕೆ ತಟ್ಟುತ್ತಾ ಹೋದರು. ಅಂಚಿನ ಒಂದು ಬೆರಳಗಲವನ್ನು ಮುಟ್ಟಲೇ ಇಲ್ಲ. ಎಡಗೈ ಎಲೆಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಿತ್ತು, ಬಲಗೈಯ ಮೂರು ಬೆರಳು ಒಂದೇ ತೂಕದಲ್ಲಿ ಬೀಳುತ್ತಿದ್ದವು. ಒಂದು ನಿಮಿಷಕ್ಕೆ 22 ಸೆಂ.ಮೀ. ಚಕ್ರ, ಅಂಚಿನಲ್ಲಿ ಗುಳ್ಳೆಗಳು ಹಾಗೆಯೇ. ಎಲೆ ಸಮೇತ ಎತ್ತಿ, ಚಿರೋಟಿ ರವೆ ಉದುರಿಸಿದ ಸ್ಟೀಲ್ ತಟ್ಟೆಯ ಬೆನ್ನಿಗೆ ಬೋರಲು ಹಾಕಿ ಎಲೆ ಸುಲಿದರು. ರವೆಯ ಕಾಳಿನ ಮೇಲೆ ಅದು ಸರ್ರನೆ ಜಾರಿ ಕಾವಲಿಗೆ ಬಿತ್ತು. ಇಟಲಿಯಲ್ಲೂ ಅಂಟದಿರಲೆಂದು ಸಣ್ಣ ರವೆಯನ್ನೇ ಉದುರಿಸುವವರಿದ್ದಾರೆ ಎಂದು ನಾನು ಹೇಳಿದೆ. "ರವೆ ಮತ್ತೇತಕ್ಕಿದೆ?" ಎಂದು ಅಮ್ಮ ಕೈ ತೊಳೆದುಕೊಂಡರು.

ಮೇಲಿನದು

ಸಾಸಿಗೆ ನಾಟಿ ಟೊಮೆಟೊ ಆಗದು, ರಸ ಹೆಚ್ಚು. ದೇವರಾಜ ಮಾರುಕಟ್ಟೆಯಿಂದ ಉದ್ದನೆಯ, ತಿರುಳು ದಪ್ಪವಿರುವ ಹಣ್ಣು ತರುತ್ತೇನೆ. 130 ಗ್ರಾಂ ಹಣ್ಣನ್ನು ತುರಿದು, ಎಣ್ಣೆ, ಸಕ್ಕರೆ ಏನೂ ಹಾಕದೆ ಒಂದು ಎಸಳು ಬೆಳ್ಳುಳ್ಳಿಯೊಂದಿಗೆ 70 ಗ್ರಾಂ ಆಗುವವರೆಗೆ ಬತ್ತಿಸಿದರೆ 25 ಕ್ಯಾಲೊರಿಯ ಸಾಸು. ಒರೆಗಾನೊ ಮುಗಿದಿದ್ದ ವಾರ ಹಿತ್ತಲಿನ ದೊಡ್ಡಪತ್ರೆಯ ಎರಡು ಎಲೆ ಸಣ್ಣಗೆ ಹೆಚ್ಚಿ ಹಾಕಿದೆ. ಎರಡಕ್ಕೂ ಆ ಘಾಟು ಕೊಡುವ ತೈಲ ಹೆಚ್ಚು ಕಡಿಮೆ ಒಂದೇ ಜಾತಿಯದು. ಮತ್ತೆ ಒರೆಗಾನೊ ಕೊಳ್ಳಲಿಲ್ಲ.

ಚೀಸನ್ನು 118 ಗ್ರಾಂನಿಂದ 80, 60, 45, 35 ಎಂದು ವಾರ ವಾರ ಇಳಿಸಿದೆ, ಮಗಳಿಗೆ ಹೇಳದೆ. ನನ್ನ ಪಿಜ್ಜಾದಿಂದ ಒಂದು ತುಂಡು ಅವಳು ಯಾವಾಗಲೂ ತೆಗೆದುಕೊಳ್ಳುತ್ತಾಳೆ. ಕಾವಲಿ ಬಂದ ಮೇಲೆ 35ರವರೆಗೂ ಅವಳಿಗೆ ತಿಳಿಯಲಿಲ್ಲ. 25ಕ್ಕೆ ಇಳಿದ ದಿನ ಮೊದಲ ತುತ್ತಿಗೇ "ಅಪ್ಪಾ, ಚೀಸ್ ಮರೆತಿರಾ?" ಎಂದಳು. ಅಲ್ಲಿಗೆ 35 ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದೆ. ಫ್ರಿಜ್ಜಿನಿಂದ ತೆಗೆದ ತಕ್ಷಣ ಸಣ್ಣ ಕಣ್ಣಿನ ತುರಿಮಣೆಯಲ್ಲಿ ತುರಿದರೆ 35 ಗ್ರಾಂ ಇಡೀ ಚಕ್ರಕ್ಕೆ ಬರುತ್ತದೆ. ಪ್ರೊಟೀನಿಗಾಗಿ 40 ಗ್ರಾಂ ಪನೀರ್ ಪುಡಿ ಮಾಡಿ ಸೇರಿಸುತ್ತೇನೆ. ಶೇ. 1.5 ಕೊಬ್ಬಿನ ಡಬಲ್ ಟೋನ್ಡ್ ಹಾಲನ್ನು ನಿಂಬೆರಸದಿಂದ ಒಡೆದು ಮನೆಯಲ್ಲೇ ಮಾಡಿದ್ದು. ಅಂಗಡಿಯ ಕೆನೆಭರಿತ ಪನೀರು ಕ್ಯಾಲೊರಿಯಲ್ಲಿ ಚೀಸಿಗೆ ಹೆಚ್ಚು ಕಡಿಮೆ ಸಮ, ಅದನ್ನು ಹಾಕಿ ಹಗುರ ಎಂದುಕೊಳ್ಳುವಂತಿಲ್ಲ.

ಅಣಬೆಯನ್ನು ಮೊದಲೇ ಒಣ ಕಾವಲಿಯಲ್ಲಿ ಬಾಡಿಸದಿದ್ದರೆ ನೀರು ಬಿಟ್ಟು ತಳ ಕೆಡಿಸುತ್ತದೆ. ಉಳಿದ ತರಕಾರಿ ನಿಮ್ಮಿಷ್ಟ.

ಈಗಿನ ಲೆಕ್ಕ: ಹಿಟ್ಟು 310, ಕಣಕದ ಎಣ್ಣೆ 27, ಎಲೆಗೆ ಸವರಿದ್ದು 18, ಸಾಸು 25, ಚೀಸು 102, ಪನೀರು 72, ತರಕಾರಿ 30. ಒಟ್ಟು 584. ಮೊದಲ ಶನಿವಾರದ 1,100ಕ್ಕೆ ಹೋಲಿಸಿದರೆ ಅರ್ಧಕ್ಕೆ ಹತ್ತಿರ, ಇಡೀ ಚಕ್ರ ನನ್ನದೇ. ಅದಕ್ಕೂ ಮೊದಲು ಒಂದು ಬಟ್ಟಲು ಹೆಸರುಬೇಳೆ, ಸೌತೆಕಾಯಿಯ ಕೋಸಂಬರಿ, ಒಗ್ಗರಣೆ ಇಲ್ಲದೆ. ಹಸಿವಿನ ಮೊದಲ ಏಟನ್ನು ಅದು ತೆಗೆದುಕೊಳ್ಳುತ್ತದೆ. ಎರಡೂ ಸೇರಿ 660 ದಾಟುವುದಿಲ್ಲ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಎರಡು ಲೋಟ ಕಾಫಿಗೆ 940 ಉಳಿಯಿತು. ಅಂದು ಮಧ್ಯಾಹ್ನ ಅನ್ನ ಬಿಟ್ಟು ಹಸಿದು ಕೂರುವ ಅಗತ್ಯವೇ ಬೀಳುವುದಿಲ್ಲ. ಉಪವಾಸ ಮಾಡಿ ಪಿಜ್ಜಾಕ್ಕೆ ಕುಳಿತ ಒಂದು ಶನಿವಾರ ನಾನು ಮಗಳ ತಟ್ಟೆಯದನ್ನೂ ಮುಗಿಸಿದ್ದೆ, ಮತ್ತೆ ಆ ದಾರಿ ಹಿಡಿಯಲಿಲ್ಲ.

ಭಾನುವಾರದ ತಕ್ಕಡಿ

ಐದನೇ ವಾರ ನಾನು ಈ ಕೆಲಸ ನಿಲ್ಲಿಸುವುದರಲ್ಲಿದ್ದೆ. ಶನಿವಾರ ಬೆಳಿಗ್ಗೆ 82.9 ಇದ್ದ ತೂಕ ಭಾನುವಾರ ಬೆಳಿಗ್ಗೆ 83.8. ಒಂದು ರಾತ್ರಿಗೆ 900 ಗ್ರಾಂ! ಇಷ್ಟೆಲ್ಲ ಅಳೆದು ತೂಗಿ ಮಾಡಿದ್ದು ವ್ಯರ್ಥವೇ ಎಂದು ಮನಸ್ಸು ಕುಗ್ಗಿತು. ಕಾಗದ ಪೆನ್ನು ತೆಗೆದುಕೊಂಡ ಮೇಲೆ ಸಮಾಧಾನವಾಯಿತು. ತಿಂದ ಪಿಜ್ಜಾದ ಪೂರ್ತಿ ತೂಕವೇ 400 ಗ್ರಾಂ ಇಲ್ಲ, ಅದರಿಂದ 900 ಗ್ರಾಂ ಕೊಬ್ಬು ಹುಟ್ಟುವುದು ಸಾಧ್ಯವಿಲ್ಲ. ಅದು ನೀರು. ಚೀಸು, ಕಣಕದ ಉಪ್ಪು ನೀರನ್ನು ಹಿಡಿದಿಡುತ್ತದೆ. ಹಿಟ್ಟಿನ ಪಿಷ್ಟ ಮೈಯಲ್ಲಿ ಗ್ಲೈಕೋಜನ್ ಆಗಿ ಶೇಖರವಾಗುವಾಗ ಪ್ರತಿ ಗ್ರಾಂ ಜೊತೆಗೆ ಸುಮಾರು 3 ಗ್ರಾಂ ನೀರನ್ನು ಕಟ್ಟಿಕೊಳ್ಳುತ್ತದೆ. ಮಂಗಳವಾರ 82.8 ಇತ್ತು. ಪಥ್ಯ ಮುರಿದೆವೆಂದು ಎಷ್ಟೋ ಜನ ಎದೆಗುಂದುವುದು ಈ ಭಾನುವಾರದ ಅಂಕಿಯಿಂದಲೇ ಇರಬೇಕು. ಈಗ ನಾನು ಶನಿವಾರ ಬೆಳಿಗ್ಗೆ ಮಾತ್ರ ತಕ್ಕಡಿ ಹತ್ತುತ್ತೇನೆ.

ದಸರಾ ವಾರ ಅಕ್ಕನ ಮನೆಯವರು ಬಂದಿದ್ದರು. ಆರು ಉಂಡೆ ಸಾಲಾಗಿ ಬೇಯಿಸಿದೆ. ಒಂದಾದ ಮೇಲೆ ಒಂದಕ್ಕೆ ಕಾವಲಿ ಮತ್ತೆ ಎರಡು ನಿಮಿಷ ಕಾಯಬೇಕು ಎಂಬುದು ಬಿಟ್ಟರೆ ತೊಂದರೆ ಇರಲಿಲ್ಲ. ಅಕ್ಕ ಮೈಸೂರು ಪಾಕ್ ತಂದಿದ್ದಳು, ಅದನ್ನು ತಿಂದೆ, ಆ ವಾರ ತೂಕ ಇಳಿಯಲಿಲ್ಲ. ಹಬ್ಬಕ್ಕೆ ಒಂದು ವಾರ ಹೋದರೆ ಹೋಗಲಿ.

ಹದಿನಾರನೇ ಶನಿವಾರ ತೂಕ 79.6, ಸೊಂಟ 96. ಇನ್ನೂ ದೂರವಿದೆ, ಆದರೆ ಒಂದು ಶನಿವಾರವೂ ತಪ್ಪಿಲ್ಲ. ಮಗಳಿಗೆ ಇಳಿಸಬೇಕಾದ ತೂಕವಿಲ್ಲ, ಬೆಳೆಯುವ ವಯಸ್ಸು, ಅವಳ ತಟ್ಟೆಯ ಹತ್ತಿರ ನನ್ನ ತಕ್ಕಡಿ ಸುಳಿಯುವುದಿಲ್ಲ. ಅವಳದು 220 ಗ್ರಾಂ ಉಂಡೆ, ನಡುವೆ ಒಂದು ಮೊಟ್ಟೆ, ಚೀಸು ಅವಳು ಹೇಳಿದಷ್ಟು. ಕಳೆದ ವಾರದಿಂದ ತನ್ನದನ್ನು ತಾನೇ ತಟ್ಟುತ್ತಿದ್ದಾಳೆ. ಬೆರಳು ಅಜ್ಜಿಯಂತೆಯೇ ಬೀಳುತ್ತದೆ, ಎಲೆ ತಿರುಗಿಸುವುದು ಮಾತ್ರ ಇನ್ನೂ ಬಂದಿಲ್ಲ, ಚಕ್ರ ಒಂದು ಕಡೆ ಉದ್ದವಾಗುತ್ತದೆ.

ಓವನ್ನಿನ ಬಾಗಿಲಿನ ಎಡಗಡೆಯ ಸ್ಪ್ರಿಂಗು ಸಡಿಲವಾಗಿ ಕಾಗದ ತೂರುವಷ್ಟು ಸಂದಿ ಬಿಟ್ಟಿದೆ. ಬಿಸಿ ಅಲ್ಲಿಂದ ಸೋರುತ್ತಿದೆ, ಮೇಲ್ಭಾಗ ಬೇಯಲು ಅರ್ಧ ನಿಮಿಷ ಹೆಚ್ಚು ಹಿಡಿಯುತ್ತಿದೆ. ಸ್ಪ್ರಿಂಗು ತಂದಿಟ್ಟಿದ್ದೇನೆ, ನಾಳೆ ಬೆಳಿಗ್ಗೆ ಹಾಕಬೇಕು. ಇವತ್ತು ಶುಕ್ರವಾರ, ಹಿಟ್ಟು ನೆನೆಯುತ್ತಿದೆ.